ಲೇಕ್‌ವುಡ್ ಚರ್ಚ್, ಹ್ಯೂಸ್ಟನ್: ಆಟದ ಅಂಗಳದಲ್ಲೊಂದು ಆರಾಧನೆ

ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ, ಸೌತ್‌ವೆಸ್ಟ್ ಫ್ರೀವೇ ಎಂಬ ಹೆದ್ದಾರಿಯ ಮಗ್ಗುಲಲ್ಲೇ ಲೇಕ್‌ವುಡ್ ಚರ್ಚ್ ಇದೆ. ಹೊರಗಿನಿಂದ ನೋಡಿದವರಿಗೆ ಅದೊಂದು ಚರ್ಚು ಎಂದು ಹೊಳೆಯುವುದು ಕಷ್ಟ. ಗೋಪುರವಿಲ್ಲ, ಗಂಟೆಯಿಲ್ಲ, ಬಣ್ಣದ ಗಾಜಿನ ಕಿಟಕಿಗಳೂ ಇಲ್ಲ. 1975ರಿಂದ 2003ರ ತನಕ ಹ್ಯೂಸ್ಟನ್ ರಾಕೆಟ್ಸ್ ಎಂಬ ಬಾಸ್ಕೆಟ್‌ಬಾಲ್ ತಂಡ ಆಡುತ್ತಿದ್ದ ಒಳಾಂಗಣ ಕ್ರೀಡಾಂಗಣವೇ ಈಗ ಸುಮಾರು 16,000 ಜನ ಒಟ್ಟಿಗೆ ಕುಳಿತು ಪ್ರಾರ್ಥಿಸುವ ಮಂದಿರವಾಗಿದೆ. ಅಕ್ಕನ ಮನೆಯಲ್ಲಿ ಒಂದು ತಿಂಗಳು ಉಳಿದಿದ್ದಾಗ ನಾನು ಅಲ್ಲಿಗೆ ಮೂರು ಭಾನುವಾರ ಹೋಗಿಬಂದೆ. ಈ ಸಭೆಯ ಬಗ್ಗೆ ಹೊಗಳಿಕೆ ಮತ್ತು ತೆಗಳಿಕೆ ಎರಡೂ ಧಾರಾಳವಾಗಿ ಸಿಗುತ್ತವೆ. ಆದರೆ ಅಲ್ಲಿನ ಆರಾಧನೆ ಹೇಗಿರುತ್ತದೆ, ಅದು ಈ ರೂಪಕ್ಕೆ ಬಂದದ್ದು ಹೇಗೆ, ಮನಸ್ಸಿಗೆ ಭಾರವಿರುವ ಒಬ್ಬ ಮನುಷ್ಯ ಅಲ್ಲಿಗೆ ಹೋದರೆ ಅವನಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಯಾರಾದರೂ ನಿಧಾನವಾಗಿ ಹೇಳಬೇಕು ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ವಾರಕ್ಕೆ ಸರಾಸರಿ 2,000ಕ್ಕಿಂತ ಹೆಚ್ಚು ಜನ ಸೇರುವ ಪ್ರೊಟೆಸ್ಟೆಂಟ್ ಸಭೆಯನ್ನು ಮೆಗಾಚರ್ಚ್ ಎಂದು ಕರೆಯುತ್ತಾರೆ. ಲೇಕ್‌ವುಡ್‌ಗೆ ಬರುವವರ ಸಂಖ್ಯೆ ವಾರಕ್ಕೆ ಸುಮಾರು 45,000 ಎಂದು ಹಲವು ವರ್ಷ ವರದಿಯಾಗುತ್ತಿತ್ತು. ಅಂದರೆ ಮೆಗಾಚರ್ಚುಗಳ ನಡುವೆಯೂ ಇದು ಬೇರೆಯೇ ಅಳತೆಯದು. ಇನ್ನೊಂದು ಮುಖ್ಯ ಸಂಗತಿಯೆಂದರೆ ಇದು ಯಾವ ಪಂಗಡಕ್ಕೂ ಸೇರಿದ್ದಲ್ಲ. ಮೇಲೊಬ್ಬ ಬಿಷಪ್ ಇಲ್ಲ, ಪಾಸ್ಟರ್ ಯಾರಾಗಬೇಕೆಂದು ತೀರ್ಮಾನಿಸುವ ಸಿನಾಡ್ ಎಂಬ ಆಡಳಿತ ಮಂಡಳಿ ಇಲ್ಲ, ಆರಾಧನೆಯ ಕ್ರಮವನ್ನು ಕಟ್ಟುನಿಟ್ಟಾಗಿ ವಿಧಿಸುವ ಪ್ರಾರ್ಥನಾ ಪುಸ್ತಕವೂ ಇಲ್ಲ. ಈ ಸಭೆಯ ಬೆಳವಣಿಗೆಯ ವೇಗಕ್ಕೂ ಅದರ ಮೇಲೆ ಬರುವ ಆಕ್ಷೇಪಗಳಿಗೂ ಮೂಲ ಇದೇ ಸ್ವಾತಂತ್ರ್ಯದಲ್ಲಿದೆ.

ಆರಂಭ ಬಹಳ ಸಣ್ಣದು. ಜಾನ್ ಆಸ್ಟೀನ್ ಎಂಬವರು ಸದರ್ನ್ ಬ್ಯಾಪ್ಟಿಸ್ಟ್ ಪಂಗಡದ ಪಾಸ್ಟರ್ ಆಗಿದ್ದರು. ಅವರ ಮಗಳು ಲೀಸಾ ಹುಟ್ಟುವಾಗಲೇ ನರಗಳಿಗೆ ಸಂಬಂಧಿಸಿದ ತೊಂದರೆಗೆ ಒಳಗಾಗಿದ್ದಳು. ಪ್ರಾರ್ಥನೆಯಿಂದ ಅವಳಿಗೆ ಗುಣವಾಯಿತೆಂಬುದು ಕುಟುಂಬದ ಸಾಕ್ಷಿ. ಆ ಅನುಭವದ ನಂತರ ಜಾನ್ ಪವಿತ್ರಾತ್ಮನ ವರಗಳ ಬಗ್ಗೆ, ದೈವಿಕ ಸ್ವಸ್ಥತೆಯ ಬಗ್ಗೆ ಬಹಿರಂಗವಾಗಿ ಬೋಧಿಸತೊಡಗಿದರು. ಅಂದಿನ ಬ್ಯಾಪ್ಟಿಸ್ಟ್ ವಲಯದಲ್ಲಿ ಅದಕ್ಕೆ ಸುಲಭದಲ್ಲಿ ಜಾಗ ಸಿಗುವಂತಿರಲಿಲ್ಲ. 1959ರ ಮೇ 10ರಂದು, ಅಲ್ಲಿ ತಾಯಂದಿರ ದಿನವಾಗಿ ಆಚರಿಸುವ ಭಾನುವಾರ, ಜಾನ್ ಮತ್ತು ಅವರ ಪತ್ನಿ ಡೋಡಿ ಹ್ಯೂಸ್ಟನ್ನಿನ ಈಶಾನ್ಯ ಭಾಗದಲ್ಲಿ ಪಾಳುಬಿದ್ದಿದ್ದ ಹಳೆಯ ಪಶು ಆಹಾರದ ಅಂಗಡಿಯೊಂದರಲ್ಲಿ ಮೊದಲ ಆರಾಧನೆ ನಡೆಸಿದರು. ಸುಮಾರು 90 ಜನ ಬಂದಿದ್ದರಂತೆ. ಹೆಸರಿನಲ್ಲಿ ಮೊದಲು ‘ಬ್ಯಾಪ್ಟಿಸ್ಟ್’ ಎಂಬ ಪದವಿತ್ತು; ಸಭೆ ಯಾವ ಪಂಗಡಕ್ಕೂ ಸೇರದ್ದಾದಂತೆ ಆ ಪದ ಉದುರಿಹೋಯಿತು.

1960ರ ದಶಕದಲ್ಲಿ ಜಾನ್ ಕೆಲವು ವರ್ಷ ಸಭೆಯನ್ನು ಬಿಟ್ಟು ಸುವಾರ್ತಾ ಪ್ರವಾಸಗಳಲ್ಲೇ ತೊಡಗಿಕೊಂಡಿದ್ದರು. ಭಾರತಕ್ಕೂ ಬಂದುಹೋದವರು ಅವರು. ದಶಕದ ಕೊನೆಗೆ ಮರಳಿ ಬಂದು ಸಭೆಯ ಹೊಣೆ ಹೊತ್ತ ಮೇಲೆ ಬೆಳವಣಿಗೆ ಗಟ್ಟಿಯಾಯಿತು. 1979ರ ಹೊತ್ತಿಗೆ ಹಾಜರಿ 5,000 ದಾಟಿತ್ತು. ಕರಿಯರು, ಬಿಳಿಯರು, ಸ್ಪ್ಯಾನಿಷ್ ಮಾತನಾಡುವವರು ಒಂದೇ ಸಾಲಿನಲ್ಲಿ ಕೂರುವ ಸಭೆ ಎಂಬ ಹೆಸರು ಲೇಕ್‌ವುಡ್‌ಗೆ ಬಂದದ್ದು ಜಾನ್ ಅವರ ಕಾಲದಲ್ಲೇ. ಅಮೆರಿಕದ ದಕ್ಷಿಣ ಭಾಗದಲ್ಲಿ ಭಾನುವಾರದ ಬೆಳಗ್ಗೆ ಬಣ್ಣದ ಗೆರೆ ಎಷ್ಟು ಗಟ್ಟಿಯಾಗಿರುತ್ತಿತ್ತು ಎಂಬುದನ್ನು ಬಲ್ಲವರಿಗೆ ಇದು ಸಣ್ಣ ಮಾತಲ್ಲವೆಂದು ಗೊತ್ತಾಗುತ್ತದೆ. 1981ರಲ್ಲಿ ಡೋಡಿ ಅವರಿಗೆ ಪಿತ್ತಜನಕಾಂಗದ ಕ್ಯಾನ್ಸರ್ ಇದೆಯೆಂದು ವೈದ್ಯರು ಹೇಳಿದರು. ಅವರು ದಶಕಗಳ ಕಾಲ ಬದುಕಿ ಸ್ವಸ್ಥತೆಗಾಗಿ ಪ್ರಾರ್ಥಿಸುವವರ ಪಾಲಿಗೆ ಆಸರೆಯಾಗಿ ನಿಂತರು. ಈ ಸಭೆಯಲ್ಲಿ ರೋಗಿಗಳಿಗಾಗಿ ಮಾಡುವ ಪ್ರಾರ್ಥನೆಗೆ ಇರುವ ತೂಕ ಅರ್ಥವಾಗಬೇಕಾದರೆ ಈ ಒಂದು ಕತೆ ತಿಳಿದಿರಬೇಕು. 1980ರ ದಶಕದ ನಡುವೆ ತೈಲದ ಬೆಲೆ ಕುಸಿದು ಹ್ಯೂಸ್ಟನ್ನಿನ ವ್ಯಾಪಾರವೆಲ್ಲ ನೆಲಕಚ್ಚಿದ್ದಾಗಲೇ ಜಾನ್ 8,000 ಜನ ಕೂರುವ ಹೊಸ ಕಟ್ಟಡಕ್ಕೆ ಕೈಹಾಕಿದರು. ಅದು ಎದ್ದು ನಿಂತಿತು.

ಇನ್ನು ಜಾನ್ ಅವರ ಮಗ, ಈಗಿನ ಹಿರಿಯ ಪಾಸ್ಟರ್ ಜೋಯೆಲ್ ಅವರ ವಿಷಯ. ಲೇಕ್‌ವುಡ್ ಇಂದು ಹೀಗಿರುವುದಕ್ಕೆ ಕಾರಣ ಹುಡುಕುವವರು ಸಾಮಾನ್ಯವಾಗಿ ಅವರ ನಗುಮುಖವನ್ನು, ಹಿತವಾದ ಮಾತನ್ನು ಎತ್ತಿ ಹೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ನೋಡಬೇಕಾದದ್ದು ಅದಕ್ಕಿಂತ ಹಿಂದಿನ 17 ವರ್ಷಗಳನ್ನು. 1982ರಲ್ಲಿ ಓರಲ್ ರಾಬರ್ಟ್ಸ್ ವಿಶ್ವವಿದ್ಯಾಲಯದ ಓದನ್ನು ನಡುವೆಯೇ ಬಿಟ್ಟು ಬಂದ ಜೋಯೆಲ್, ತಂದೆಯ ಸಭೆಯಲ್ಲಿ ದೂರದರ್ಶನ ವಿಭಾಗವನ್ನು ಕಟ್ಟಿದರು. ವೇದಿಕೆ ಏರಲಿಲ್ಲ, ಪ್ರಸಂಗ (ಧರ್ಮೋಪದೇಶ) ಮಾಡಲಿಲ್ಲ. ತಂದೆಯ ಪ್ರಸಂಗಗಳನ್ನು ಚಿತ್ರೀಕರಿಸುವುದು, ಕತ್ತರಿಸಿ ಜೋಡಿಸುವುದು, ಬೆಳಕು ಎಲ್ಲಿಂದ ಬೀಳಬೇಕು, ಕ್ಯಾಮೆರಾ ಯಾರ ಮುಖದ ಮೇಲೆ ಯಾವಾಗ ನಿಲ್ಲಬೇಕು ಎಂದು ನೋಡಿಕೊಳ್ಳುವುದು, ಇದೇ ಅವರ ಸೇವೆಯಾಗಿತ್ತು. ಮನೆಯಲ್ಲಿ ಕುಳಿತು ವಾಹಿನಿ ಬದಲಾಯಿಸುತ್ತಿರುವ ಮನುಷ್ಯನ ಕೈ ಯಾವ ಮಾತಿಗೆ ನಿಲ್ಲುತ್ತದೆ, ಯಾವ ಮಾತಿಗೆ ಮುಂದಕ್ಕೆ ಹೋಗುತ್ತದೆ ಎಂಬುದನ್ನು ಅವರು ಹದಿನೇಳು ವರ್ಷ ಕಲಿತರು. ದೇವಶಾಸ್ತ್ರದ ಪದವಿ ಇಲ್ಲದ ಅವರಿಗೆ ಅದೇ ವಿದ್ಯಾಭ್ಯಾಸವಾಯಿತು.

1999ರ ಜನವರಿಯಲ್ಲಿ ಜಾನ್ ಆಸ್ಪತ್ರೆ ಸೇರಿದರು. ಆ ವಾರ ನೀನೇ ಪ್ರಸಂಗ ಮಾಡು ಎಂದು ಮಗನಿಗೆ ಹೇಳಿದರು. ಜೋಯೆಲ್ ಮೊದಲು ಒಪ್ಪಲಿಲ್ಲ, ಆಮೇಲೆ ಒಪ್ಪಿದರು. ಜನವರಿ 17ರ ಭಾನುವಾರ ತಂದೆಯ ಬೂಟುಗಳನ್ನೇ ತೊಟ್ಟು ವೇದಿಕೆ ಹತ್ತಿದರು. ಆರು ದಿನಗಳಲ್ಲಿ, 23ರಂದು, ತಂದೆ ಹೃದಯಾಘಾತದಿಂದ ತೀರಿಕೊಂಡರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಜೋಯೆಲ್ ಹಿರಿಯ ಪಾಸ್ಟರ್ ಆದರು. ಪಂಗಡವೊಂದರ ಕೆಳಗಿದ್ದ ಸಭೆಯಾಗಿದ್ದರೆ ಒಂದೇ ಒಂದು ವರ್ಷದ ಪ್ರಸಂಗದ ಅನುಭವವೂ ಇಲ್ಲದ ಮೂವತ್ತಾರರ ಯುವಕನಿಗೆ ಹೀಗೆ ಪೀಠ ಸಿಗುತ್ತಿರಲಿಲ್ಲ. ಇಲ್ಲಿ ತಡೆಯುವವರಿರಲಿಲ್ಲ. ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ದೊಡ್ಡ ನಗರಗಳ ವಾಹಿನಿಗಳಲ್ಲಿ ಒಳ್ಳೆಯ ಹೊತ್ತುಗಳನ್ನು ಕೊಂಡದ್ದು. ನಾಲ್ಕೈದು ವರ್ಷದಲ್ಲಿ ಹಾಜರಿ ಹಲವು ಪಟ್ಟು ಏರಿತು. ಭಾನುವಾರ ಮತ್ತೆ ಮತ್ತೆ ಆರಾಧನೆ ನಡೆಸಿದರೂ ಜನ ಹಿಡಿಸದೆ ಹೆದ್ದಾರಿಯಿಂದಲೇ ವಾಹನಗಳ ಸಾಲು ಶುರುವಾಗುವಂತಾಯಿತು.

ಅದೇ ಸಮಯಕ್ಕೆ ರಾಕೆಟ್ಸ್ ತಂಡಕ್ಕೆ ಪೇಟೆಯ ನಡುವೆ ಹೊಸ ಅಂಗಳ ಸಿದ್ಧವಾಗುತ್ತಿತ್ತು. ಮೊದಲು ಸಮಿಟ್ ಎಂದೂ ಆಮೇಲೆ ಕಾಂಪ್ಯಾಕ್ ಸೆಂಟರ್ ಎಂದೂ ಕರೆಸಿಕೊಂಡ ಹಳೆಯ ಕ್ರೀಡಾಂಗಣ ನಗರಾಡಳಿತದ ಆಸ್ತಿ. ಅದನ್ನು ಚರ್ಚಿಗೆ 30 ವರ್ಷದ ಭೋಗ್ಯಕ್ಕೆ ಕೊಡಲು ನಗರ ಮಂಡಳಿ ಒಪ್ಪಿತು; ಪಕ್ಕದ ವ್ಯಾಪಾರ ಸಮುಚ್ಚಯದ ಒಡೆಯರು ನ್ಯಾಯಾಲಯಕ್ಕೆ ಹೋದರು, ಕೊನೆಗೆ ರಾಜಿಯಾಯಿತು. ಕಟ್ಟಡವನ್ನು ಆರಾಧನೆಗೆ ಹೊಂದಿಸಲು ಹದಿನೈದು ತಿಂಗಳಿಗೂ ಹೆಚ್ಚು ಕಾಲ, 10 ಕೋಟಿ ಡಾಲರಿನ ಆಸುಪಾಸು ಹಣ ಬೇಕಾಯಿತು. ಪಕ್ಕದಲ್ಲಿ ಐದು ಅಂತಸ್ತಿನ ಹೊಸ ಭಾಗ ಎದ್ದಿತು. 2005ರ ಜುಲೈ 16ರಂದು ಬಾಗಿಲು ತೆರೆದಾಗ ಆರಂಭದ ಆರಾಧನೆಗಳಿಗೆ 50,000ಕ್ಕೂ ಹೆಚ್ಚು ಜನ ಬಂದರು. 2010ರಲ್ಲಿ ನಗರಾಡಳಿತ ಆ ಕಟ್ಟಡವನ್ನು 75 ಲಕ್ಷ ಡಾಲರಿಗೆ ಚರ್ಚಿಗೇ ಮಾರಿತು. ಸಾರ್ವಜನಿಕ ಹಣದಲ್ಲಿ ಕಟ್ಟಿದ ಕ್ರೀಡಾಂಗಣ ಆ ಬೆಲೆಗೆ ಹೋದದ್ದು ಸರಿಯೇ ಎಂದು ಅಲ್ಲಿನ ಜನ ಅಂದು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಳೆಯ ಕ್ರೀಡಾಂಗಣಗಳನ್ನು ಕೆಡವಿ ವಾಹನ ನಿಲ್ಲಿಸುವ ಬಯಲು ಮಾಡುವುದೇ ರೂಢಿಯಾಗಿರುವ ದೇಶದಲ್ಲಿ, ವಾರವಾರವೂ ಜನ ತುಂಬುವ ಕಟ್ಟಡವಾಗಿ ಇದು ಉಳಿಯಿತು ಎಂಬುದೂ ಅಷ್ಟೇ ನಿಜ.

ಈಗ ಆರಾಧನೆಯ ಮಾತಿಗೆ ಬರುತ್ತೇನೆ. ನಾವು ಹೋದದ್ದು ಬೆಳಗಿನ ಹನ್ನೊಂದರ ಆರಾಧನೆಗೆ. ವಾಹನ ನಿಲ್ಲಿಸುವ ಕಟ್ಟಡದಿಂದಲೇ ಸ್ವಯಂಸೇವಕರು ದಾರಿ ತೋರಿಸುತ್ತಾರೆ. ಬಾಗಿಲಲ್ಲಿ ಒಬ್ಬರು ಕೈಕುಲುಕುತ್ತಾರೆ, ಮೆಟ್ಟಿಲ ಬಳಿ ಇನ್ನೊಬ್ಬರು, ಸಾಲಿನ ತುದಿಯಲ್ಲಿ ಮತ್ತೊಬ್ಬರು. ಮೊದಲ ಸಲ ಬಂದಿದ್ದೀರಾ ಎಂದು ಕೇಳುವ ದನಿಯಲ್ಲಿ ತನಿಖೆಯ ಛಾಯೆ ಇರುವುದಿಲ್ಲ. ಒಳಗೆ ಕಾಲಿಟ್ಟರೆ ಕ್ರೀಡಾಂಗಣದ ಬಟ್ಟಲಿನಾಕಾರ ಹಾಗೆಯೇ ಇದೆ. ಆದರೆ ಆಟದ ಅಂಕಣವಿದ್ದ ನೆಲಕ್ಕೆ ಈಗ ಕುರ್ಚಿಗಳು, ಒಂದು ತುದಿಯಲ್ಲಿ ವಿಶಾಲವಾದ ವೇದಿಕೆ, ಅದರ ಇಬ್ಬದಿಯಲ್ಲಿ ನೀರು ಹರಿಯುವ ಕಲ್ಲಿನ ಜಲಪಾತಗಳು, ಹಿಂದೆ ನಿಧಾನವಾಗಿ ತಿರುಗುವ ಚಿನ್ನದ ಬಣ್ಣದ ಭೂಗೋಳ. ಶಿಲುಬೆಯನ್ನು ಕಣ್ಣು ಹುಡುಕುತ್ತದೆ, ಅದು ಸಿಗುವುದಿಲ್ಲ. ಆರಾಧನೆಗೆ ಬಂದ ಕ್ರೈಸ್ತನಿಗೆ ಇದು ಸಣ್ಣ ಕೊರತೆಯಲ್ಲ. ಚರ್ಚಿನ ವಾಸನೆಯನ್ನೇ ದೂರವಿಟ್ಟವರಿಗೂ ಒಳಗೆ ಬರಲು ಅಳುಕು ಆಗಬಾರದೆಂಬ ಎಣಿಕೆ ಇದರ ಹಿಂದೆ ಇದ್ದೀತು ಎಂದು ತೋರುತ್ತದೆ. ಶಿಕಾಗೊ ಬಳಿಯ ವಿಲ್ಲೋ ಕ್ರೀಕ್ ಸಭೆ 1975ರಲ್ಲಿ ಬಾಡಿಗೆಯ ಸಿನಿಮಾ ಮಂದಿರದಲ್ಲಿ ಶುರುವಾದಾಗಿನಿಂದ ಅಮೆರಿಕದ ದೊಡ್ಡ ಸಭೆಗಳಲ್ಲಿ ಈ ಎಣಿಕೆ ಬೇರೂರಿದೆ. ಎಣಿಕೆ ಅರ್ಥವಾಗುತ್ತದೆ, ಆದರೂ ಆ ಭೂಗೋಳದ ಜಾಗದಲ್ಲಿ ಒಂದು ಸರಳ ಮರದ ಶಿಲುಬೆ ಇದ್ದಿದ್ದರೆ ಯಾರೂ ಹಿಂದಿರುಗಿ ಹೋಗುತ್ತಿರಲಿಲ್ಲ ಎಂದೇ ನಾನು ನಂಬುತ್ತೇನೆ.

ಸಂಗೀತ ಅತ್ಯುತ್ತಮವಾಗಿದೆ, ಇದರಲ್ಲಿ ಎರಡು ಮಾತಿಲ್ಲ. ದೊಡ್ಡ ಗಾಯನ ಮಂಡಳಿ, ವಾದ್ಯವೃಂದ, ಮುಂದೆ ನಿಂತು ನಡೆಸುವ ಗಾಯಕರು, ಇವರೆಲ್ಲ ಸೇರಿ ಮೊದಲ ಅರ್ಧ ಗಂಟೆ ಜನರನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಹಾಡಿನ ಸಾಲುಗಳು ದೊಡ್ಡ ಪರದೆಗಳ ಮೇಲೆ ಬರುತ್ತವೆ, ಆದ್ದರಿಂದ ಗೊತ್ತಿಲ್ಲದವರೂ ಎರಡನೆಯ ಚರಣಕ್ಕೆ ದನಿಗೂಡಿಸಬಹುದು. ಧ್ವನಿವ್ಯವಸ್ಥೆ ಎಷ್ಟು ಹದವಾಗಿದೆಯೆಂದರೆ ಮೇಲಿನ ಅಂತಸ್ತಿನ ಕೊನೆಯ ಸಾಲಿನಲ್ಲೂ ಒಂದೊಂದು ಪದ ಬಿಡಿಯಾಗಿ ಕೇಳುತ್ತದೆ. ಮೊದಲ ಭಾನುವಾರ ನಾವು ಕುಳಿತದ್ದು ಅಲ್ಲಿಯೇ. ನನ್ನ ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು, ಮನೆಗೆಲಸದ ಏಪ್ರನ್ನಿನಂಥ ಹತ್ತಿಯ ಅಂಗಿ ತೊಟ್ಟವರು, ಊರುಗೋಲನ್ನು ಮುಂದಿನ ಕುರ್ಚಿಗೆ ಒರಗಿಸಿ, ಹಾಡು ಮುಗಿಯುವ ತನಕ ಕೂರಲೇ ಇಲ್ಲ.

ಹಾಡಿನ ಬಳಿಕ ಬರುವ ಹೊತ್ತನ್ನು ಟಿವಿಯಲ್ಲಿ ಮಾತ್ರ ಲೇಕ್‌ವುಡ್ ಕಂಡವರು ನೋಡಿರುವ ಸಾಧ್ಯತೆ ಕಡಿಮೆ. ಅರ್ಧ ಗಂಟೆಯ ಪ್ರಸಾರದಲ್ಲಿ ಪ್ರಸಂಗಕ್ಕೇ ಹೆಚ್ಚಿನ ಜಾಗ. ಇಲ್ಲಿ ಪ್ರಾರ್ಥನೆಯ ಜೊತೆಗಾರರು ಎಂದು ಕರೆಸಿಕೊಳ್ಳುವ ಸ್ವಯಂಸೇವಕರು ವೇದಿಕೆಯ ಮುಂದೆ ಮತ್ತು ಓಣಿಗಳ ತುದಿಯಲ್ಲಿ ಸಾಲಾಗಿ ನಿಲ್ಲುತ್ತಾರೆ. ಬೇಕಾದವರು ಎದ್ದು ಹೋಗಿ ಒಬ್ಬರ ಎದುರು ನಿಂತು ತಮ್ಮ ಮಾತನ್ನು ಹೇಳಿಕೊಳ್ಳಬಹುದು. ನಮ್ಮ ಅಮ್ಮ ತೀರಿಕೊಂಡು ಆಗ ಏಳು ತಿಂಗಳಾಗಿತ್ತು. ಅಕ್ಕನಿಗೆ ಅಂತ್ಯಕ್ರಿಯೆಗೆ ಬರಲು ಆಗಿರಲಿಲ್ಲ. ಆ ವಿಷಯ ನಾವು ಫೋನಿನಲ್ಲಿ ಎಂದೂ ಪೂರ್ತಿ ಮಾತಾಡಿದವರಲ್ಲ. ಅವಳು ನನ್ನ ಮೊಣಕೈ ಮುಟ್ಟಿ, “ಬಾರೋ, ಇಬ್ಬರೂ ಹೋಗೋಣ” ಎಂದಳು. ಎದುರಿಗಿದ್ದವರು ಅರವತ್ತರ ಆಸುಪಾಸಿನ ಒಬ್ಬ ವ್ಯಕ್ತಿ. ನಮ್ಮ ಹೆಸರು ಕೇಳಿದರು, ಯಾವುದಕ್ಕಾಗಿ ಪ್ರಾರ್ಥಿಸಲಿ ಎಂದು ಕೇಳಿದರು, ಅಷ್ಟೇ. ಅಕ್ಕ ಇಂಗ್ಲಿಷಿನಲ್ಲಿ ಶುರುಮಾಡಿ ನಡುವೆ ಕನ್ನಡಕ್ಕೆ ಬಂದುಬಿಟ್ಟಳು. ಅವರು ತಡೆಯಲಿಲ್ಲ, ತಲೆಬಾಗಿಸಿ ಕೇಳಿದರು. ಆಮೇಲೆ ನಮ್ಮಿಬ್ಬರ ಕೈಗಳನ್ನು ತಮ್ಮ ಎರಡು ಕೈಗಳಲ್ಲಿ ಹಿಡಿದು, ಅಮ್ಮ ಎಂಬ ಆ ಒಂದು ಪದವನ್ನು ಅವಳು ಹೇಳಿದ ಹಾಗೆಯೇ ಹೇಳಿ ಪ್ರಾರ್ಥಿಸಿದರು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ನಲವತ್ತೈದು ಸಾವಿರ ಜನರ ಸಭೆ ಎಂದು ಕೇಳಿದವರಿಗೆ ಮೊದಲು ಬರುವ ಸಂದೇಹ ಅಷ್ಟು ಜನರಲ್ಲಿ ಒಬ್ಬನನ್ನು ಯಾರು ನೋಡುತ್ತಾರೆ ಎಂಬುದು. ಆ ಎರಡು ನಿಮಿಷ ನಮ್ಮನ್ನು ಒಬ್ಬರು ನೋಡಿದರು. ಈ ಚರ್ಚಿನ ಎಲ್ಲ ಏರ್ಪಾಡುಗಳಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಇದಕ್ಕೆ.

ಪ್ರಸಂಗ ಇಪ್ಪತ್ತೈದು ಮೂವತ್ತು ನಿಮಿಷದ್ದು. ಜೋಯೆಲ್ ಒಂದು ನಗೆಹನಿಯಿಂದ ಆರಂಭಿಸುತ್ತಾರೆ. ಬಳಿಕ ಎಲ್ಲರೂ ಸತ್ಯವೇದವನ್ನು (ಬೈಬಲನ್ನು) ಕೈಯೆತ್ತಿ ಹಿಡಿದು, ಇದು ನನ್ನ ಸತ್ಯವೇದ, ಇದು ನನ್ನನ್ನು ಏನೆನ್ನುತ್ತದೋ ನಾನು ಅದೇ ಎಂಬ ಅರ್ಥದ ಘೋಷಣೆಯನ್ನು ಒಕ್ಕೊರಲಿನಿಂದ ಹೇಳುತ್ತಾರೆ; ಇದು ತಂದೆ ಜಾನ್ ರೂಢಿಸಿದ ಪದ್ಧತಿ. ಜೋಯೆಲ್ ತಮ್ಮ ಪ್ರಸಂಗವನ್ನು ವಾರದ ನಡುವಿನಿಂದಲೇ ಸಿದ್ಧಪಡಿಸಿ ಬಾಯಿಪಾಠ ಮಾಡಿಕೊಂಡು ಬರುವವರು, ಆದ್ದರಿಂದ ಮಾತು ಎಲ್ಲೂ ತಡವರಿಸುವುದಿಲ್ಲ. ಒಂದೇ ತಿರುಳನ್ನು ನಾಲ್ಕು ಕತೆಗಳಲ್ಲಿ ಬೇರೆ ಬೇರೆ ಕಡೆಯಿಂದ ತೋರಿಸುತ್ತಾರೆ, ಮಗುವಿಗೂ ಅರ್ಥವಾಗುತ್ತದೆ. ಸೋತು ಬಂದವನಿಗೆ ಬೆನ್ನು ತಟ್ಟಿ ಎಬ್ಬಿಸುವ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡುವ ಪ್ರಸಂಗಿಗಳು ವಿರಳ.

ಇಷ್ಟು ಹೇಳಿದ ಮೇಲೆ ಈ ಬೋಧನೆಯ ಮಿತಿಯನ್ನೂ ಹೇಳಬೇಕು. ದೇವರು ನಿನಗೆ ಒಳ್ಳೆಯದನ್ನೇ ಇಟ್ಟಿದ್ದಾನೆ, ಬಾಗಿಲು ತೆರೆಯುತ್ತಾನೆ, ಬಡ್ತಿ ಬರುತ್ತದೆ, ಕಾಯಿಲೆ ಹೋಗುತ್ತದೆ ಎಂಬ ಧಾಟಿ ವಾರವಾರವೂ ಬರುತ್ತದೆ. 2004ರಲ್ಲಿ ಪ್ರಕಟವಾಗಿ ಲಕ್ಷಾಂತರ ಪ್ರತಿಗಳು ಮಾರಾಟವಾದ ಅವರ ಮೊದಲ ಪುಸ್ತಕದ ಧಾಟಿಯೂ ಇದೇ. ಇದನ್ನು ಸಮೃದ್ಧಿಯ ಸುವಾರ್ತೆ ಎಂದು ಅನೇಕ ದೇವಶಾಸ್ತ್ರ ಬೋಧಕರು ಟೀಕಿಸಿದ್ದಾರೆ. ಆ ಹಣೆಪಟ್ಟಿಯನ್ನು ಜೋಯೆಲ್ ಒಪ್ಪುವುದಿಲ್ಲ, ಸಮೃದ್ಧಿಯೆಂದರೆ ಹಣವೊಂದೇ ಅಲ್ಲ ಎನ್ನುತ್ತಾರೆ. ನನ್ನ ಆಕ್ಷೇಪ ಹಣದ ಬಗ್ಗೆ ಅಷ್ಟಾಗಿ ಅಲ್ಲ. ಸತ್ಯವೇದದ ಕೀರ್ತನೆಗಳಲ್ಲಿ ಎಷ್ಟೋ ಪಾಲು ಗೋಳಾಟವಿದೆ. ಯಾಕೆ ನನ್ನ ಕೈಬಿಟ್ಟೆ ಎಂದು ದೇವರನ್ನೇ ಕೇಳುವ ಮಾತುಗಳಿವೆ. ಯೋಬನ ಗ್ರಂಥದಲ್ಲಿ ಎಲ್ಲವನ್ನೂ ಕಳೆದುಕೊಂಡವನ ಬಳಿಗೆ ಬಂದ ಸ್ನೇಹಿತರು ಏಳು ದಿನ ಮಾತಿಲ್ಲದೆ ನೆಲದ ಮೇಲೆ ಕೂರುತ್ತಾರೆ. ಅವರು ಮಾಡಿದ ಸರಿಯಾದ ಕೆಲಸ ಅದೊಂದೇ. ಆ ಏಳು ದಿನಕ್ಕೆ ಈ ಪ್ರಸಂಗಗಳಲ್ಲಿ ಎಡೆ ಸಿಗುವುದು ಕಷ್ಟ. ಇಲ್ಲಿ ದುಃಖ ಎಂಬುದು ದಾಟಿಹೋಗಬೇಕಾದ ಹೊಳೆ, ದಡ ಆಗಲೇ ಕಾಣುತ್ತಿರುತ್ತದೆ. ದಡ ಕಾಣದ ತಿಂಗಳುಗಳನ್ನು ಕಳೆಯುತ್ತಿರುವವರಿಗೆ ಇನ್ನೊಂದು ಬಗೆಯ ಬೋಧನೆಯೂ ಬೇಕಾಗುತ್ತದೆ. ಕ್ಯಾಮೆರಾದ ಮುಂದೆ ಮೌನಕ್ಕೆ ಬೆಲೆಯಿಲ್ಲ. ವಾಹಿನಿ ಬದಲಿಸುವ ಕೈಯನ್ನು ಹಿಡಿದಿಡಲು ಕಲಿತ ಕೌಶಲವೇ ಪ್ರಸಂಗಕ್ಕೆ ಈ ಗಡಿಯನ್ನು ಹಾಕಿದೆ ಎಂಬುದು ನನ್ನ ತಿಳಿವಳಿಕೆ. ಆದರೂ ಅದೇ ಮಂದಿರದ ಓಣಿಯ ತುದಿಯಲ್ಲಿ ನಿಂತ ಆ ಸ್ವಯಂಸೇವಕರು, ವೇದಿಕೆಯ ಮೇಲೆ ಸಿಗದ ಆ ಮೌನವನ್ನು ಕೊಟ್ಟರು.

ಕೊನೆಯಲ್ಲಿ, ಯೇಸುವನ್ನು ಸ್ವೀಕರಿಸಲು ಬಯಸುವವರು ಎದ್ದು ನಿಲ್ಲುವಂತೆ ಕರೆ ಕೊಟ್ಟು, ಪಶ್ಚಾತ್ತಾಪದ ಚಿಕ್ಕ ಪ್ರಾರ್ಥನೆಯನ್ನು ಹೇಳಿಸುತ್ತಾರೆ. ಟಿವಿಯ ಪ್ರಸಾರವೂ ಪ್ರತಿ ವಾರ ಇದರಿಂದಲೇ ಮುಗಿಯುತ್ತದೆ.

ಮಕ್ಕಳಿಗೆ ವಯಸ್ಸಿಗೆ ತಕ್ಕ ತರಗತಿಗಳು ಪಕ್ಕದ ಅಂತಸ್ತುಗಳಲ್ಲಿ ನಡೆಯುತ್ತವೆ. ಮಧ್ಯಾಹ್ನದ ಸ್ಪ್ಯಾನಿಷ್ ಆರಾಧನೆ ಒಂದು ದೊಡ್ಡ ಸಭೆಯೇ ಸರಿ. ಪ್ರಸಿದ್ಧ ಗಾಯಕ ಮಾರ್ಕೋಸ್ ವಿಟ್ 2002ರಿಂದ ಹತ್ತು ವರ್ಷ ಅದನ್ನು ನಡೆಸಿದರು. ಹೊಸಬರು ಗಮನಿಸಬೇಕಾದ ಸಂಗತಿ ಇದು: ಭಾನುವಾರ ಮಾತ್ರ ಬಂದುಹೋದರೆ ಇಲ್ಲಿ ಯಾರ ಪರಿಚಯವೂ ಆಗುವುದಿಲ್ಲ. ಪ್ರತಿ ವಾರ ಅಕ್ಕಪಕ್ಕ ಬೇರೆಯೇ ಮುಖಗಳಿರುತ್ತವೆ. ಅಕ್ಕ ಆರು ವರ್ಷದಿಂದ ಹೋಗುತ್ತಿದ್ದಾಳೆ. ಅವಳಿಗೆ ಈ ಚರ್ಚಿನಲ್ಲಿ ಬೇರು ಹತ್ತಿದ್ದು ಮೂರನೆಯ ವರ್ಷ, ಹೆಂಗಸರ ಒಂದು ಚಿಕ್ಕ ಗುಂಪಿಗೆ ಸೇರಿದ ಮೇಲೆ. ಅಮ್ಮ ಹೋದ ವಾರ ಮನೆಗೆ ಅಡುಗೆ ಮಾಡಿಕೊಂಡು ಬಂದವರು ಆ ಗುಂಪಿನವರು. ಬಾಗಿಲು ಎಷ್ಟು ಅಗಲವಾಗಿದೆಯೋ ಒಳಗಿನ ಕೋಣೆಯನ್ನು ಹುಡುಕಿಕೊಳ್ಳುವುದು ಅಷ್ಟೇ ನಿಮ್ಮ ಜವಾಬ್ದಾರಿ.

ಹಣದ ವಿಷಯವನ್ನು ಬಿಡುವಂತಿಲ್ಲ. ಅಮೆರಿಕದ ಕಾನೂನಿನ ಪ್ರಕಾರ ಚರ್ಚುಗಳು ಇತರ ಧರ್ಮಾರ್ಥ ಸಂಸ್ಥೆಗಳ ಹಾಗೆ ವಾರ್ಷಿಕ ಲೆಕ್ಕವನ್ನು ತೆರಿಗೆ ಇಲಾಖೆಗೆ ಸಲ್ಲಿಸಬೇಕಾಗಿಲ್ಲ. ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ 2018ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಸಭೆಯ ಒಂದು ವರ್ಷದ ವರಮಾನ ಸುಮಾರು 9 ಕೋಟಿ ಡಾಲರು. ಅದರಲ್ಲಿ ಟಿವಿ ಪ್ರಸಾರಕ್ಕೆ ಸುಮಾರು ಎರಡೂವರೆ ಕೋಟಿ ಹೋದರೆ, ಸುವಾರ್ತಾ ಸೇವೆಗಳಿಗೆ ಹೋದದ್ದು ಅದರ ಚಿಕ್ಕದೊಂದು ಪಾಲು. ಜೋಯೆಲ್ 2005ರಿಂದ ಸಭೆಯಿಂದ ಸಂಬಳ ತೆಗೆದುಕೊಳ್ಳುತ್ತಿಲ್ಲ, ಪುಸ್ತಕಗಳ ಆದಾಯದಲ್ಲಿ ಬದುಕುತ್ತಾರೆ. ಟಿವಿಯಲ್ಲಿ ಹಣ ಕೇಳುವುದೂ ಇಲ್ಲ. ಇವು ಮೆಚ್ಚಬೇಕಾದ ನಡೆಗಳೇ. ಆದರೂ ಹಿರಿಯ ಪಾಸ್ಟರ್, ಅವರ ಪತ್ನಿ ವಿಕ್ಟೋರಿಯಾ, ಅಕ್ಕ ಲೀಸಾ, ಶಸ್ತ್ರವೈದ್ಯರಾಗಿದ್ದ ಅಣ್ಣ ಪಾಲ್, ಹೀಗೆ ಒಂದೇ ಕುಟುಂಬದವರು ಮುಖ್ಯ ಸ್ಥಾನಗಳಲ್ಲಿರುವಾಗ, ಮೇಲೆ ಕೇಳುವ ಪಂಗಡವೂ ಇಲ್ಲದಿರುವಾಗ, ಲೆಕ್ಕವನ್ನು ತಾವಾಗಿಯೇ ಜನರ ಮುಂದೆ ಇಡುವುದು ಸಭೆಗೇ ಗೌರವ ತರುವ ಕೆಲಸ. ಕಾಣಿಕೆಯ ಪ್ರಮಾಣ ಎಷ್ಟೆಂದು ತಿಳಿಯಲು ಒಂದು ಘಟನೆ ಸಾಕು: 2014ರ ಮಾರ್ಚ್‌ನಲ್ಲಿ ಚರ್ಚಿನ ತಿಜೋರಿಯಿಂದ ನಗದು ಮತ್ತು ಚೆಕ್ಕುಗಳು ಸೇರಿ 6 ಲಕ್ಷ ಡಾಲರು ಕಳುವಾಯಿತು. ಅದು ಕೇವಲ ಒಂದು ವಾರಾಂತ್ಯದ ಕಾಣಿಕೆ. 2021ರ ನವೆಂಬರ್‌ನಲ್ಲಿ ಶೌಚಾಲಯ ದುರಸ್ತಿಗೆ ಬಂದ ಕೊಳಾಯಿ ಕೆಲಸದವರೊಬ್ಬರು ಗೋಡೆಯೊಳಗೆ ನಗದು, ಚೆಕ್ಕುಗಳಿದ್ದ ನೂರಾರು ಲಕೋಟೆಗಳನ್ನು ಕಂಡು, ಚರ್ಚಿನವರಿಗೆ ತಿಳಿಸಿದರು.

2017ರ ಆಗಸ್ಟ್‌ನ ಹಾರ್ವಿ ಚಂಡಮಾರುತದ ನೆನಪು ಹ್ಯೂಸ್ಟನ್ನಿನ ಜನರಲ್ಲಿ ಇನ್ನೂ ಹಸಿಯಾಗಿದೆ. ಊರೇ ಮುಳುಗುತ್ತಿದ್ದಾಗ ಇಷ್ಟು ದೊಡ್ಡ ಕಟ್ಟಡದ ಬಾಗಿಲು ಯಾಕೆ ಮುಚ್ಚಿದೆ ಎಂದು ದೇಶವೆಲ್ಲ ಕೇಳಿತು. 2001ರ ಆಲಿಸನ್ ಬಿರುಗಾಳಿಯಲ್ಲಿ ಇದೇ ಕಟ್ಟಡಕ್ಕೆ ನೀರು ನುಗ್ಗಿತ್ತು, ಈ ಸಲವೂ ಪ್ರವಾಹ ತಡೆಯುವ ಬಾಗಿಲುಗಳ ತನಕ ನೀರು ಬಂದಿತ್ತು, ನಗರಾಡಳಿತ ಆಗಲೇ ಬೇರೆ ಕಡೆ ಆಶ್ರಯ ತೆರೆದಿತ್ತು ಎಂದು ಸಭೆ ಉತ್ತರ ಕೊಟ್ಟಿತು. 29ರಂದು ಬಾಗಿಲು ತೆರೆದು ನೂರಾರು ಜನರಿಗೆ ಮಲಗಲು ಜಾಗ ಕೊಟ್ಟರು, ನೆರವಿನ ಸಾಮಗ್ರಿಗಳು ರಾಶಿಬಿದ್ದವು. ಸಭೆಯ ಕಾರಣಗಳನ್ನು ನಾನು ಸುಳ್ಳೆನ್ನುವುದಿಲ್ಲ. ಆದರೆ ಬಂದವರನ್ನು ಬಾಗಿಲಲ್ಲೇ ಕೈಹಿಡಿದು ಬರಮಾಡಿಕೊಳ್ಳುವುದನ್ನೇ ತನ್ನ ಗುರುತಾಗಿಸಿಕೊಂಡ ಸಭೆ ಅಷ್ಟು ತಡಮಾಡಬಾರದಿತ್ತು.

2024ರ ಫೆಬ್ರವರಿ 11ರಂದು, ಸ್ಪ್ಯಾನಿಷ್ ಆರಾಧನೆ ಆರಂಭವಾಗುವ ಮುಂಚೆ, ಬಂದೂಕು ಹಿಡಿದ ಹೆಂಗಸೊಬ್ಬಳು ತನ್ನ ಏಳು ವರ್ಷದ ಮಗನೊಂದಿಗೆ ಒಳಗೆ ನುಗ್ಗಿ ಗುಂಡು ಹಾರಿಸಿದಳು. ಕಾವಲಿಗಿದ್ದ ಪೊಲೀಸರ ಗುಂಡಿಗೆ ಅವಳು ಬಲಿಯಾದಳು, ಮಗುವಿಗೂ ಇನ್ನೊಬ್ಬರಿಗೂ ಗಾಯಗಳಾದವು. ಅಲ್ಲಿನ ಬಾಗಿಲುಗಳಲ್ಲಿ ಸಮವಸ್ತ್ರದವರನ್ನು ಕಂಡು ಯಾರೂ ಬೇಸರಪಡಬೇಕಾಗಿಲ್ಲ.

ಹೋಗಬೇಕೆಂದಿರುವವರು ಆರಾಧನೆಯ ಹೊತ್ತುಗಳನ್ನು ಮೊದಲೇ ನೋಡಿಕೊಳ್ಳಿ, ಅರ್ಧ ಗಂಟೆ ಮುಂಚೆ ತಲುಪಿ. ಸಾಧ್ಯವಾದರೆ ಕೆಳಗಿನ ಭಾಗದಲ್ಲಿ, ಓಣಿಗೆ ಹತ್ತಿರ ಕುಳಿತುಕೊಳ್ಳಿ. ಮೇಲಿನ ಅಂತಸ್ತಿನಿಂದ ಪ್ರಾರ್ಥನೆಯ ಹೊತ್ತಿಗೆ ಇಳಿದು ಬರುವಷ್ಟರಲ್ಲಿ ಸಾಲು ಬೆಳೆದಿರುತ್ತದೆ. ಮೂರನೆಯ ಭಾನುವಾರ ನಾವು ಹಾಗೆಯೇ ಮಾಡಿದೆವು. ಆ ಸಲ ಅಕ್ಕ ನನ್ನನ್ನು ಕರೆಯಲಿಲ್ಲ, ಒಬ್ಬಳೇ ಎದ್ದು ಹೋದಳು. ಹಿಂದಿನ ಅದೇ ವ್ಯಕ್ತಿ ಅಲ್ಲಿರಲಿಲ್ಲ, ಬೇರೊಬ್ಬರಿದ್ದರು. ಅವಳು ಮತ್ತೆ ಮೊದಲಿನಿಂದ ಎಲ್ಲವನ್ನೂ ಹೇಳುತ್ತಿದ್ದುದು ನನಗೆ ದೂರದಿಂದ ಕಾಣುತ್ತಿತ್ತು.